ತೀರ್ಥ ಬಿದ್ದ ಬಾಟಲಿ

ಪ್ಲೊಯೆಶ್ತಿ ಊರಿನ ನಮ್ಮ ಕಾರ್ಖಾನೆಯಲ್ಲಿ ವೇಗವರ್ಧಕ ತಯಾರಿಸುತ್ತಿದ್ದವಳು ಜೆನೋವಿಯಾ ಒಬ್ಬಳೇ. ನಿಕ್ಕಲ್ ಲೋಹದ ಸುತ್ತ ಬೇರೆ ಅಣುಗಳನ್ನು ಕಟ್ಟಿ ಕಿತ್ತಳೆ ಬಣ್ಣದ ದ್ರಾವಣ ಮಾಡುತ್ತಿದ್ದಳು. ಅದು ಸೇರಿದರೆ ಎಥಿಲೀನ್ ಅನಿಲದ ಅಣುಗಳು ನಾಲ್ಕೈದು ಕೊಂಡಿಯಷ್ಟು ಬೆಸೆದುಕೊಂಡು ನಿಂತುಬಿಡುತ್ತವೆ; ಉದ್ದ ಬೆಳೆದು ಪ್ಲಾಸ್ಟಿಕ್ ಆಗದೆ ತೆಳು ಎಣ್ಣೆಯಾಗಿ ಇಳಿಯುತ್ತವೆ. ಆದರೆ ನೀರು ಸೋಕಿದರೆ ದ್ರಾವಣ ಸತ್ತಂತೆಯೇ. ಮಳೆ ಬಂದ ದಿನ ತಲೆಕೂದಲು ಒಣಗುವವರೆಗೆ ಅವಳು ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು.

ಆ ಜನವರಿಯಲ್ಲಿ ಹೊಸ ಮಾಲೀಕರು ನಮ್ಮ ಕೆಲಸ ನೋಡಲು ಬರುವವರಿದ್ದರು. ಎಣ್ಣೆ ಇಳಿದರೆ ವಿಭಾಗ ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಇದ್ದಬದ್ದ ನಿಕ್ಕಲ್ಲೆಲ್ಲ ಒಂದೇ ಬಾಟಲಿಗೆ ಹೋಗಿತ್ತು.

ಅವರು ಬರುವ ದಿನವೇ ದೀಕ್ಷಾಸ್ನಾನದ ಹಬ್ಬದ ಮುನ್ನಾದಿನ. ಮನೆಮನೆಗೆ ತೀರ್ಥ ಚಿಮುಕಿಸುತ್ತ ಹೊರಟ ಪಾದ್ರಿಗಳನ್ನು ನಮ್ಮ ಮೇಸ್ತ್ರಿ ಇಲಾರಿಯೆ ಕಾರ್ಖಾನೆಗೂ ಕರೆತಂದ. ಜೆನೋವಿಯಾ ಎರಡೂ ಕೈಯಲ್ಲಿ ಅನಿಲದ ಕೊಳವೆ ಹಿಡಿದು ನಿಂತಿದ್ದಾಗ ಇಲಾರಿಯೆ ಬಾಟಲಿಯತ್ತ ಕೈ ಚಾಚಿದ.

"ಅಣ್ಣಾ, ಬಿರಡೆ ಮುಟ್ಬೇಡ!"

"ಸುಮ್ನಿರಮ್ಮ, ಒಳಗೂ ಸ್ವಲ್ಪ ಬೀಳ್ಲಿ. ಇವತ್ತು ನಮಗೆ ದೇವರೇ ಗತಿ," ಎಂದವನೇ ಬಿರಡೆ ಎತ್ತಿಬಿಟ್ಟ.

ಪಾದ್ರಿಗಳು ಕಾಮಕಸ್ತೂರಿ ಕಂತೆಯನ್ನು ತೀರ್ಥದಲ್ಲಿ ಅದ್ದಿ ಧಾರಾಳವಾಗಿ ಚಿಮುಕಿಸಿದರು. ಶಿಲುಬೆ ಹಿಡಿದು ಬಂದವರ ಕೈಯನ್ನು ತಡೆಯುವುದು ಹೇಗೆ? ಕಿತ್ತಳೆ ಬಣ್ಣ ನಮ್ಮ ಕಣ್ಣೆದುರೇ ಕಂದಿ ಕೆಸರಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಕತ್ತೆ! ಎಂದು ಬೈಯಲು ಹೋದರೆ, ಇಲಾರಿಯೆ ಕಣ್ಣು ಮುಚ್ಚಿ ನಮಗಾಗಿಯೇ ಪ್ರಾರ್ಥನೆ ಮಾಡುತ್ತಿದ್ದ. ಯಾರಿಗೆ ಬೈಯಲಿ?

ಆದರೂ ಮಾಲೀಕರು ಬಂದಾಗ ಜೆನೋವಿಯಾ ಅದನ್ನೇ ಯಂತ್ರಕ್ಕೆ ಹಾಕಿ ನೋಡಿದಳು. ಒತ್ತಡದ ಮುಳ್ಳು ಅಲ್ಲಾಡಲಿಲ್ಲ. ನಲ್ಲಿಯಿಂದ ಒಂದು ತೊಟ್ಟೂ ಇಳಿಯಲಿಲ್ಲ. ಬಂದವರು ಕೋಟು ತೊಟ್ಟುಕೊಂಡು ಹೊರಟರು, ಈಸ್ಟರ್‌ಗೆ ಮುಂಚೆಯೇ ಬೀಗ ಬಿತ್ತು. ಅಷ್ಟು ವರ್ಷ ಕಲಿತ ಕೈಗೆ ಊರಲ್ಲಿ ಬೇರೆ ಕೆಲಸವಿರಲಿಲ್ಲ. ಈಗ ಜೆನೋವಿಯಾ ಬೇಕರಿಯಲ್ಲಿ ಬ್ರೆಡ್ ಕಟ್ಟಿಕೊಡುತ್ತಾಳೆ.

ಮೊನ್ನೆ ಅಲ್ಲಿಗೆ ಹೋಗಿದ್ದೆ. ಪಕ್ಕದ ಬೀದಿಯ ಮುದುಕಿಯೊಬ್ಬಳು ಅವಳ ಕೈ ಹಿಡಿದುಕೊಂಡು ಹೇಳುತ್ತಿದ್ದಳು: "ತೀರ್ಥ ಬಿದ್ದು ಸತ್ತೋಯ್ತು ಅಂದ್ರೆ ಅದರೊಳಗೆ ದೆವ್ವಾನೇ ಇತ್ತು ಕಣೇ. ತೊಲಗ್ತು, ಒಳ್ಳೇದಾಯ್ತು ಬಿಡು."

"ಅದು ಯಾವ ನೀರು ಬಿದ್ರೂ ಸಾಯ್ತಿತ್ತು, ಅಜ್ಜೀ."

"ಪಾಪ, ನಿನ್ನ ಬಾಯಲ್ಲಿ ಹಾಗೆ ಹೇಳಿಸೋದೂ ಆ ದೆವ್ವಾನೇ," ಎಂದ ಮುದುಕಿ ಅವಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದಳು.

ಜೆನೋವಿಯಾ ತಲೆ ಬಗ್ಗಿಸಿ ಹಾಕಿಸಿಕೊಂಡಳು.