ಹೇಗಮ್ಮ ಕೇಳಿದ ಕಥೆ

ನಮ್ಮ ಸೋದರತ್ತೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾಳೆ. ಯಂತ್ರ ಹೊತ್ತು ತಂದವರು "ಕೆಟ್ಟಿದೆ" ಎಂದರೆ ಸಾಕು, ಸಿಟ್ಟು ಮೂಗಿನ ತುದಿಗೇ ಬರುತ್ತದೆ. "ಕೆಟ್ಟಿರೋದು ನನಗೂ ಕಾಣುತ್ತೆ. ಹೇಗೆ ಕೆಟ್ಟಿತು ಹೇಳಿ. ಮೊದಲು ದಾರ ತುಂಡಾಯ್ತೋ, ಸದ್ದು ಬಂತೋ?" ಅಷ್ಟೂ ಹೇಳಿಸಿಕೊಳ್ಳದೆ ಸ್ಕ್ರೂಡ್ರೈವರ್ ಮುಟ್ಟುವವಳಲ್ಲ. ಬೀದಿಯವರು ಅವಳಿಗೆ ಹೇಗಮ್ಮ ಎಂದೇ ಹೆಸರಿಟ್ಟಿದ್ದಾರೆ.

ಅಂಥವಳ ಗಂಡ, ನಮ್ಮ ಮಾವ, ಗಾಜಿನ ಕಾರ್ಖಾನೆಗೆ ಕೆಲಸಕ್ಕೆಂದು ಹೋದವರು ಹೆಣವಾಗಿ ಬಂದರು. "ಹೃದಯ ನಿಂತುಹೋಯ್ತು" ಎಂದರು ಡಾಕ್ಟರು. "ಎಲ್ಲರೂ ಅದು ನಿಂತೇ ಸಾಯೋದು. ಹೇಗೆ ನಿಂತಿತು?" ಎಂದು ಅತ್ತೆ ಕೇಳಿದಳು. ಸಾಯುವ ಹೊತ್ತಿನಲ್ಲಿ ಮಾವನ ಪಕ್ಕದಲ್ಲೇ ಇದ್ದ ಕಾರ್ಖಾನೆಯ ಜೊತೆಗಾರ ತಲೆ ತಗ್ಗಿಸಿ ಹೊರಗೆ ಹೋದ. ಆಮೇಲೆ ರಸ್ತೆಯಲ್ಲಿ ಅವಳನ್ನು ಕಂಡರೆ ಆಚೆ ಬದಿಗೆ ದಾಟಿಬಿಡುತ್ತಿದ್ದ. "ಹೋದವರು ಹೋದರು, ಕೆದಕಬೇಡ" ಎಂದು ಬಂಧುಗಳು ಬುದ್ಧಿ ಹೇಳಿದರು. ಪುಕ್ಕಟೆ ಬುದ್ಧಿಗೆ ನಮ್ಮ ವಂಶದಲ್ಲಿ ಎಂದೂ ಬರ ಬಂದಿಲ್ಲ. ಅತ್ತೆಗೆ ಮಾತ್ರ ನೆಮ್ಮದಿಯಿಲ್ಲ. ಒಮ್ಮೆ ಕುಲುಮೆಯ ಝಳಕ್ಕೆ ಕುಸಿದಂತೆ, ಒಮ್ಮೆ ನೆಲಕ್ಕೆ ಬಿದ್ದು ನೀರು ನೀರು ಎಂದು ಕೂಗಿದಂತೆ, ಮಾವ ಅವಳ ಕಣ್ಣ ಮುಂದೆ ದಿನಕ್ಕೊಂದು ಬಗೆಯಲ್ಲಿ ಸಾಯುತ್ತಿದ್ದರು.

ನನ್ನದು ನಿಘಂಟಿನ ಕೆಲಸ, ಪದಗಳ ಮೂಲ ಹುಡುಕುವುದು. ಮನೆಯವರ ಪ್ರಕಾರ ಅದು ಕೆಲಸವಿಲ್ಲದವನ ಕೆಲಸ. ಒಂದು ಮಧ್ಯಾಹ್ನ ಅತ್ತೆಯ ಅಂಗಡಿಯಲ್ಲಿ ಕೂತು, ಅವಳ ಮನಸ್ಸು ಬೇರೆ ಕಡೆ ಹೊರಳಲಿ ಎಂದು, ಅಂದು ಕೈಗೆತ್ತಿಕೊಂಡಿದ್ದ ಪದದ ವಿಚಾರ ತೆಗೆದೆ.

"ಕಥೆ ಅನ್ನೋದು ಸಂಸ್ಕೃತದಿಂದ ಬಂದಿದ್ದು ಅತ್ತೆ. ಅದರಲ್ಲಿ 'ಕಥಂ' ಅಂದ್ರೆ ಹೇಗೆ. ಕಥೆ ಹುಟ್ಟಿದ್ದು ಅದರಿಂದಲೇ ಅಂತ ಕೆಲವು ಪಂಡಿತರ ಊಹೆ. ಹೇಗಾಯ್ತು ಅಂತ ಹೇಳಿದ್ರೇ ಕಥೆ."

ಎಣ್ಣೆ ಬಿಡುತ್ತಿದ್ದ ಅವಳ ಕೈ ನಿಂತಿತು. "ಹಾಗಾದ್ರೆ ನನಗೆ ಇನ್ನೂ ಯಾರೂ ಕಥೆ ಹೇಳಿಲ್ಲ ಕಣೋ. ಬರೀ ಸುದ್ದಿ ಹೇಳಿದ್ದಾರೆ."

ಅಂಗಡಿಗೆ ಬೀಗ ಜಡಿದು, ನನ್ನನ್ನೂ ಎಳೆದುಕೊಂಡು ಆ ಜೊತೆಗಾರನ ಮನೆಗೆ ಹೊರಟಳು. ಬಾಗಿಲಲ್ಲಿ ಅವಳನ್ನು ಕಂಡು ಆತನ ಮುಖ ಬಿಳಿಚಿಕೊಂಡಿತು.

"ಬಯ್ಯೋಕೆ ಬಂದಿಲ್ಲ. ಹೇಗಾಯ್ತು, ಅಷ್ಟು ಹೇಳಿ ಸಾಕು."

ಆತ ನಮ್ಮನ್ನು ಒಳಗೆ ಕರೆದು, ತಾನು ಮಂಚದ ತುದಿಗೆ ಕೂತ. "ಊಟದ ಹೊತ್ತು ಅಕ್ಕ. ಅವರು ನಮ್ಮ ಮೇಸ್ತ್ರಿ ನಡೆಯೋ ಥರ ನಡೆದು ತೋರಿಸ್ತಿದ್ರು. ನಾವು ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿದ್ವಿ. ಹಾಗೇ ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದ್ರು. ಅದೂ ಆಟ ಅಂದ್ಕೊಂಡು ಇನ್ನೂ ನಕ್ವಿ. ಸತ್ತವರ ಮುಂದೆ ನಕ್ವಿ ಅಕ್ಕ! ಯಾವ ಬಾಯಲ್ಲಿ ಹೇಳಲಿ ನಿಮಗೆ?"

ಅತ್ತೆ ಅಂಗೈಯಿಂದ ಕಣ್ಣು ಒರೆಸಿಕೊಂಡಳು.

"ಅವರೂ ನಗ್ತಿದ್ರಾ?"

"ನಮಗಿಂತ ಜಾಸ್ತಿ."

ಅವಳು ಕುರ್ಚಿ ಎಳೆದುಕೊಂಡು ಆತನ ಎದುರಿಗೆ ಕೂತಳು.

"ಇನ್ನೊಂದು ಸಲ ಹೇಳಿ," ಎಂದಳು. "ನಿಧಾನಕ್ಕೆ. ಮೊದಲಿಂದ."