ಐವತ್ತೆಂಟನೆಯ ಹೆಸರು

ಸಹೃದಯರಾದ ವಾಚಕ ಮಹಾಶಯರೇ, ಶಾಲೆಯೊಂದರ ಸಿಬ್ಬಂದಿಯ ಪಟ್ಟಿಯನ್ನು ಸಿದ್ಧಪಡಿಸುವವರು ಯಾರೆಂದು ತಾವು ಎಂದಾದರೂ ವಿಚಾರಿಸಿದ್ದುಂಟೇ? ಇಲ್ಲವಾದರೆ 2007ರ ಜೂನ್ ತಿಂಗಳ ಈ ಮುಂಜಾನೆ ತಮಿಳು ಸೀಮೆಯ ಅವಿನಾಶಿ ಊರಿನ ಅಂಚಿನ ಶಾಲೆಯೊಂದಕ್ಕೆ ದಯಮಾಡಿಸಬೇಕು.

ಗಂಟೆ ಆರು. ಪಂಕಜಂ ಕಂಪ್ಯೂಟರ್ ಕೊಠಡಿಯ ಕಸ ಗುಡಿಸಿ, ಪೊರಕೆಯನ್ನು ಬಾಗಿಲ ಹಿಂದಿಟ್ಟು, ಕೈತೊಳೆದು ಬಂದು ಪರದೆಗೆ ಹೊದಿಸಿದ ಬಟ್ಟೆಯನ್ನು ಸರಿಸುತ್ತಾರೆ. ಒಂದೇ ಕೊಠಡಿ, ಎರಡು ಉದ್ಯೋಗ. ಮೊದಲನೆಯದಕ್ಕೆ ಆದೇಶಪತ್ರವಿದೆ, ಎರಡನೆಯದನ್ನು ಯಾರೂ ಕೊಟ್ಟದ್ದಲ್ಲ.

ಪಂಕಜಂ ಅವರದು ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ, ಮನೆಯಲ್ಲಿ ಕನ್ನಡವಾಡುವ ನೇಕಾರರ ಮನೆತನ. ಪವರ್‌ಲೂಮಿನ ಸದ್ದಿಗೆ ಗಂಡನ ಕಿವಿ ಹೋದ ವರ್ಷ, ಹತ್ತನೆಯ ತರಗತಿ ಓದಿದ್ದ ಈಕೆ ಆಯಾ ಆಗಿ ಸೇರಿದರು. ಸೇರಿ ಈಗ ಹತ್ತೊಂಬತ್ತು ವರ್ಷ. ಯಂತ್ರ ಜೋಡಿಸಲು ಬಂದವರ ಬೆನ್ನ ಹಿಂದೆ ನಿಂತು ನೋಡಿಯೇ ಕಂಪ್ಯೂಟರ್ ಕಲಿತದ್ದು. ದಿನಕ್ಕೆ ಹದಿನಾಲ್ಕು ಕೊಠಡಿಗಳ ಕಸ, ನಲವತ್ತು ಅರ್ಜಿಗಳ ಟೈಪು. ತಮ್ಮ ಬಗ್ಗೆ ಬರೆಯಲು ಬಂದವನೊಡನೆ ಆಕೆ ಮನೆಗನ್ನಡದಲ್ಲೇ ಮಾತಾಡುತ್ತಾರೆ. "ನೀವು ಬರೆದದ್ದು ಓದಕ್ಕೆ ನನ್ಗೆ ಬರಲ್ಲ ಸಾರ್. ಅಕ್ಷರ ತಮಿಳು ದಾ ಗೊತ್ತು." ಆ 'ದಾ' ತಮಿಳಿನದು, 'ಮಾತ್ರ' ಎಂದರ್ಥ.

ಶಾಲೆಗೆ ಹೊಸದಾಗಿ ವೆಬ್‌ಸೈಟ್ ಬಂದಿದೆ. ಹಾಜರಿ ಪುಸ್ತಕದಲ್ಲಿ ಹೆಸರುಗಳಿರುವುದು ಸೇರಿದ ವರ್ಷದ ಕ್ರಮದಲ್ಲಿ. ಅದೇ ಕ್ರಮದಲ್ಲಿ ಪಂಕಜಂ ಐವತ್ತೆಂಟು ಹೆಸರುಗಳನ್ನೂ ಫೋನ್ ನಂಬರುಗಳನ್ನೂ ಏರಿಸಿಬಿಟ್ಟರು. ಎಲ್ಲರಿಗಿಂತ ಹಳಬರು ಕಾವಲುಗಾರ ಕುಪ್ಪುಸಾಮಿ. ಮೊದಲ ಹೆಸರು ಮುಖ್ಯೋಪಾಧ್ಯಾಯರದ್ದೇ ಇರಬೇಕೆಂದು ಪೋಷಕರು ಮೂರು ದಿನ ಕುಪ್ಪುಸಾಮಿಗೇ ಫೋನು ಮಾಡಿದರು. ಅವರೂ ಗಾಂಭೀರ್ಯ ಕೆಡದಂತೆ ಒಂಬತ್ತು ಮಕ್ಕಳಿಗೆ ಸೀಟು ಕೊಡುವುದಾಗಿ ಮಾತು ಕೊಟ್ಟರು.

ಬೆಚ್ಚಿದ ಮುಖ್ಯೋಪಾಧ್ಯಾಯ ಸೋಮಸುಂದರಂ, ಪಟ್ಟಿ ಇನ್ನು ಕೆಲಸದ ಪ್ರಕಾರವೇ ಇರಲಿ ಎಂದರು: ಆಡಳಿತ, ಬೋಧಕರು, ಕಚೇರಿ, ಸಹಾಯಕರು. ಒಬ್ಬರಿಗೆ ಒಂದೇ ಜಾಗ. ಜೊತೆಗೆ ಇನ್ನೊಂದು ನಿಯಮ: ಸೋಮವಾರದಿಂದ, ಕಚೇರಿಯ ಪಟ್ಟಿಯಲ್ಲಿ ಹೆಸರಿಲ್ಲದವರು ಕಂಪ್ಯೂಟರ್ ಮುಟ್ಟುವಂತಿಲ್ಲ.

ಐವತ್ತೇಳು ಹೆಸರುಗಳು ತಂತಮ್ಮ ಜಾಗದಲ್ಲಿ ಕುಳಿತಿವೆ. ಉಳಿದದ್ದು ಪಂಕಜಂ. ಸಹಾಯಕರಲ್ಲಿ ಹಾಕುತ್ತಾರೆ, ಅಳಿಸುತ್ತಾರೆ. ಕಚೇರಿಯಲ್ಲಿ ಹಾಕುತ್ತಾರೆ, ಅದನ್ನೂ ಅಳಿಸುತ್ತಾರೆ. "ರಿಜಿಸ್ಟರಲ್ಲಿ ಆಯಾ ಅಂತಲೇ ಇದೆ. ಆಫೀಸಲ್ಲಿ ಹಾಕಿದ್ರೆ ಸುಳ್ಳಾಗುತ್ತೆ. ಆಯಾ ಅಂತ ಹಾಕಿದ್ರೆ ನಾಳೆ ಈ ಪಟ್ಟಿ ತಿದ್ದೋದು ಯಾರು? ತಲೆನೇ ಸುತ್ತುತ್ತೆ ಪೋಂಗ, ಹೋಗಿ ಸಾರ್."

ಎಂಟೂವರೆಗೆ ಸೋಮಸುಂದರಂ ಬರುತ್ತಾರೆ. ಪರದೆ ನೋಡುತ್ತಾರೆ, ಹಾಜರಿ ಪುಸ್ತಕ ತಿರುವುತ್ತಾರೆ, ಕನ್ನಡಕ ತೆಗೆದು ಒರೆಸುತ್ತಾರೆ. ತಮ್ಮ ನಿಯಮದಿಂದ ಪಟ್ಟಿ ಮಾಡುವವಳೇ ಹೊರಗುಳಿಯುತ್ತಾಳೆಂಬುದು ಅವರಿಗೆ ಈಗಷ್ಟೇ ಹೊಳೆದಂತಿದೆ. "ನೀಯೇ ಪಾತ್ತು ಪೋಡಮ್ಮಾ," ಅಂದರೆ ನೀನೇ ನೋಡಿ ಹಾಕು ಎಂದು ತಮಿಳಿನಲ್ಲಿ ಹೇಳಿ, ಗೊಂದಲದ ಮುಖ ಹೊತ್ತು ಹೊರಟುಹೋಗುತ್ತಾರೆ.

ಅಷ್ಟರಲ್ಲಿ ಒಂದನೆಯ ತರಗತಿಯ ಕಡೆಯಿಂದ ಆಯಾಮ್ಮನನ್ನು ಕೂಗುತ್ತಾರೆ. ಮಗುವೊಂದು ವಾಂತಿ ಮಾಡಿಕೊಂಡಿದೆ. ಪಂಕಜಂ ಅರ್ಧ ಎದ್ದವರು ಹಾಗೆಯೇ ಬಗ್ಗಿ, ಒಂದೇ ಬೆರಳಿನಿಂದ ತಮ್ಮ ಹೆಸರನ್ನು ಕಚೇರಿಯ ಕೆಳಗೆ ಒತ್ತಿ, ಪಟ್ಟಿಯನ್ನು ವೆಬ್‌ಸೈಟಿಗೆ ಏರಿಸಿಬಿಡುತ್ತಾರೆ. ಆಮೇಲೆ ವಾಂತಿಯ ಮೇಲೆ ಸುರಿಯಲು ಬೂದಿಯ ಬಕೆಟ್ಟಿಗೆ ಕೈಹಾಕುತ್ತಾರೆ.

"ವಾಂತಿ ತೊಳೆಯಕ್ಕೆ ಪಟ್ಟೀಲಿ ಹೆಸರು ಬೇಡ ಸಾರ್. ಕೂಗಿದ್ರೆ ಸಾಕು, ಹೋಗ್ತೀನಿ. ಈ ರೂಮಿಗೆ ಬರಕ್ಕೆ ದಾ ಹೆಸರು ಬೇಕು."

ಆಕೆ ವರಾಂಡದ ತಿರುವಿನಲ್ಲಿ ಮರೆಯಾಗುತ್ತಾರೆ. ಬರೆಯಲು ಬಂದವನು ಟಿಪ್ಪಣಿ ಪುಸ್ತಕವನ್ನು ಜೋಳಿಗೆಗೆ ಸೇರಿಸಿ, ಸಿಂಗಾನಲ್ಲೂರಿನ ಬಸ್ಸು ಹಿಡಿಯಲು ಸೇಲಂ ರಸ್ತೆಯತ್ತ ಹೊರಡುತ್ತಾನೆ.