ಅಚ್ಚು ಅಳಿಸಬಾರದು

ಹೈದರಾಬಾದಿನ ಹೊರಗೆ, ಬಂಡೆಗಳ ನಡುವಿನ ಗರಸು ಮಣ್ಣಿನ ಬಯಲಿನಲ್ಲಿ ಬೈಕಿಗೆ ಬ್ರೇಕ್ ಹಾಕುವುದನ್ನು ಹೊಸದಾಗಿ ಕಲಿಯುತ್ತಿದ್ದೇನೆ. ಬೆಳಿಗ್ಗೆ ಮುಂದಿನ ಬ್ರೇಕನ್ನು ಊರೊಳಗಿನ ಅಭ್ಯಾಸದಂತೆ ಇಡೀ ಮುಷ್ಟಿಯಿಂದ ಹಿಡಿದು ಬಿದ್ದಿದ್ದೆ, ಮೊಣಕೈ ಉರಿಯುತ್ತಿತ್ತು. ಕಲಿಸುವವಳು ನನ್ನ ಮಗಳ ವಯಸ್ಸಿನ, ರಾಯಚೂರಿನ ನಸೀಮಾ. ಪ್ರತಿ ಸಲ ನಿಂತ ಮೇಲೂ ಬೈಕಿನಿಂದ ಇಳಿಸಿ, ಹಿಂದಕ್ಕೆ ನಡೆಸಿ, ನೆಲ ತೋರಿಸುತ್ತಾಳೆ.

"ಹಿಂದಿನ ಗಾಲಿ ಜಾರಿದ್ರ ಜಾರ್ಲಿರಿ, ಸರ. ಮುಂದಿನ ಟೈರಿನ ಅಚ್ಚು ಅಳಿಸಬಾರ್ದು. ಅಳಿಸಿದ್ರ ಬೀಳ್ತೀರಿ. ಎರಡ ಬೆರಳು ಸಾಕು."

ಏಳನೇ ಸಲ ಹಿಂದಿನ ಗಾಲಿ ಉದ್ದಕ್ಕೆ ನೆಲ ಗೀರಿತ್ತು. ಮುಂದಿನದರ ಅಚ್ಚು ಮಾತ್ರ ಆಗಷ್ಟೇ ಒತ್ತಿದ ಚಕ್ಕುಲಿಯಂತೆ ಕೊನೆಯವರೆಗೂ ಮುಳ್ಳುಮುಳ್ಳಾಗಿ ಮೂಡಿತ್ತು. ಮೊಣಕೈ ಮರೆತೇಹೋಯಿತು. ಫೋಟೋ ತೆಗೆಯಲು ಮೊಬೈಲ್ ಹುಡುಕಿದೆ.

"ಭಾಳ ಚಲೋ ಆತ್ರಿ," ಎನ್ನುತ್ತಲೇ ನಸೀಮಾ ಅದನ್ನು ಬೂಟಿನಿಂದ ಒರೆಸಿಬಿಟ್ಟಳು. "ಈಗ ಇನ್ನೊಮ್ಮೆ ಮಾಡ್ರಿ."